ದಾರಿ ಗೊತ್ತು, ಮುಂದಿನ ಗಾಡಿ ಯಾವುದು?

ಬಾನುಲಿಯ ಮಾತಿಗೆ ವಿಳಾಸ ಬೇಕಿಲ್ಲ. ಪ್ರಸಾರ ಕೇಂದ್ರದ ಗೋಪುರದಿಂದ ಹೊರಟ ಅಲೆ ಅಥಣಿಯ ಚಹಾದಂಗಡಿಗೂ ತೆಲಸಂಗದ ಹೊಲದ ಬದುವಿಗೂ ಒಂದೇ ಗಳಿಗೆಯಲ್ಲಿ ಮುಟ್ಟುತ್ತದೆ. ಬೇಕಾದವರು ಕಿವಿಗೊಡುತ್ತಾರೆ, ಬೇಡಾದವರು ಗುಂಡಿ ತಿರುಗಿಸುತ್ತಾರೆ. ಇದೇ ಮಾತನ್ನು ಇಂಟರ್ನೆಟ್ಟಿನ ಮೂಲಕ ಮೊಬೈಲಿನಲ್ಲಿ ಕೇಳಹೊರಟರೆ ನಡೆಯುವ ಕೆಲಸವೇ ಬೇರೆ. ಅಲ್ಲಿ ಮಾತು ಸಾಮಾನ್ಯವಾಗಿ 1,500 ಬೈಟ್ ಮೀರದ ತುಣುಕುಗಳಾಗುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಪ್ರತಿ ಪ್ಯಾಕೆಟ್ಟಿನ ಹಣೆಯ ಮೇಲೆ ಅದು ಸೇರಬೇಕಾದ ಯಂತ್ರದ ವಿಳಾಸ ಅಂಕಿಗಳಲ್ಲಿ ಬರೆದಿರುತ್ತದೆ. ಹೊರಟ ಜಾಗಕ್ಕೂ ಸೇರುವ ಜಾಗಕ್ಕೂ ನಡುವೆ ಹತ್ತಾರು ರೂಟರುಗಳು ಕುಳಿತಿರುತ್ತವೆ. ಒಂದೊಂದು ರೂಟರೂ ಆ ವಿಳಾಸವನ್ನು ಓದಿ, ಪ್ಯಾಕೆಟ್ಟನ್ನು ಇನ್ನೊಂದು ರೂಟರಿನ ಕೈಗೆ ದಾಟಿಸಿ, ಅದನ್ನು ಅಲ್ಲಿಗೇ ಮರೆತುಬಿಡುತ್ತದೆ. ಇವುಗಳಲ್ಲಿ ಬಹುಪಾಲಿಗೆ ಕೊನೆಯವರೆಗಿನ ದಾರಿ ಗೊತ್ತೇ ಇರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಗಾದರೆ ಅವಕ್ಕೆ ಗೊತ್ತಿರುವುದೇನು? ಇವತ್ತಿನ ನನ್ನ ಮಾತು ಇದರ ಸುತ್ತಲೇ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ರೂಟರಿನ ಮಟ್ಟಿಗೆ ದಾರಿಯೆನ್ನುವುದು ಬರೀ ಸುದ್ದಿ. ಆ ದಾರಿಯ ಮೊದಲ ಹೆಜ್ಜೆ ಈಗ ಇಡಲು ಸಿಗುತ್ತದೆಯೇ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಆ ಸುದ್ದಿಗೆ ಬೆಲೆ. ಒಂದು ಊರಿಗೆ ಇಂಟರ್ನೆಟ್ ಬಂದಿದೆಯೇ ಇಲ್ಲವೇ ಎಂದು ಅಳೆಯುವಾಗ ನಾವು ಮರೆಯುವುದು ಈ ಎರಡನೆಯ ಪ್ರಶ್ನೆಯನ್ನೇ.

ತೆಲಸಂಗದ ಬಸ್ ನಿಲ್ದಾಣ ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತದೆ. ಊರು ಇರುವುದು ಅಥಣಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಮೇಲೆ. ಬೆಂಗಳೂರಿಗೆ ಹೋಗುವುದು ಹೇಗೆ ಎಂದು ಅಲ್ಲಿ ಕೇಳಿದವರಿಗೆ ಸಿಗುವ ಉತ್ತರ ಒಂದೇ ಮಾತಿನದು: ವಿಜಯಪುರಕ್ಕೆ ಹೋಗಿರಿ. ಕೊಲ್ಹಾರದ ಸೇತುವೆ, ಹೊಸಪೇಟೆ, ಚಿತ್ರದುರ್ಗ ಇವನ್ನೆಲ್ಲ ಯಾರೂ ಹೇಳುವುದಿಲ್ಲ. ಅದು ವಿಜಯಪುರದವರು ನೋಡಿಕೊಳ್ಳುವ ಸಂಗತಿ. ಆದರೆ ಈ ಉತ್ತರದಿಂದ ಪ್ರಯಾಣಿಕ ಇದ್ದ ಜಾಗದಿಂದ ಒಂದು ಗೇಣೂ ಕದಲುವುದಿಲ್ಲ. ವಿಜಯಪುರಕ್ಕೆ ಹೋಗುವುದು ಹೇಗೆ ಎಂದು ಅವನು ಮತ್ತೆ ಕೇಳಬೇಕು. ತಿಕೋಟಾ ಮೇಲೆ ಹೋಗುವ ಗಾಡಿ ಹತ್ತಿರಿ ಎಂಬ ಉತ್ತರ ಬಂದ ಮೇಲೆ ಮೂರನೆಯದೊಂದು ಪ್ರಶ್ನೆ ಉಳಿಯುತ್ತದೆ: ಇಲ್ಲಿ ನಿಂತಿರುವ ಗಾಡಿಗಳಲ್ಲಿ ಅದು ಯಾವುದು? ಮೂರನೆಯ ಉತ್ತರ ಸಿಕ್ಕಾಗ ಮಾತ್ರ ಕಾಲು ಪಾವಟಿಗೆಯ ಮೇಲೆ ಬೀಳುತ್ತದೆ. ನೆಟ್‌ವರ್ಕಿನ ಜನ ನೆಕ್ಸ್ಟ್ ಹಾಪ್ ಎನ್ನುವುದು ಈ ಮುಂದಿನ ನೆಲೆಯನ್ನು. ಬೆಂಗಳೂರು ಗುರಿ, ವಿಜಯಪುರ ಮುಂದಿನ ನೆಲೆ, ಕಣ್ಣೆದುರಿನ ಬಸ್ಸು ಹೊರಬೀಳುವ ಬಾಗಿಲು. ಗುರಿಯಿಂದ ಬಾಗಿಲಿಗೆ ಬಂದು ಮುಟ್ಟುವ ಈ ಪ್ರಶ್ನೋತ್ತರದ ಸರಪಳಿಯನ್ನು ರೂಟರ್ ದಿನವಿಡೀ ಬಿಚ್ಚುತ್ತಿರುತ್ತದೆ.

ಮೊದಲ ಪ್ರಶ್ನೆಯಿಂದ ಹೊರಡೋಣ. ನಾವಿನ್ನೂ ಬಳಸುವ ನಾಲ್ಕನೆಯ ಆವೃತ್ತಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಇಷ್ಟನ್ನೂ ಒಂದೊಂದಾಗಿ ಬರೆದಿಟ್ಟುಕೊಳ್ಳುವ ಯಂತ್ರವಿಲ್ಲ. ಅಂಚೆಯವರು ಈ ಕಷ್ಟವನ್ನು 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದು ಬಗೆಹರಿಸಿಕೊಂಡರು. ಅಥಣಿಯ ಪಿನ್ 591304. ದೂರದ ಗುವಾಹಾಟಿಯಲ್ಲಿ ಕಾಗದ ವಿಂಗಡಿಸುವವರಿಗೆ ಮೊದಲ ಅಂಕಿ 5 ಕಂಡರೆ ಸಾಕು, ದಕ್ಷಿಣದ ಚೀಲಕ್ಕೆ ಹಾಕುತ್ತಾರೆ. 591 ಎಂಬ ಮೂರಂಕಿ ಓದಬೇಕಾದವರು ಹತ್ತಿರದವರು, ಆರನ್ನೂ ಓದಬೇಕಾದವರು ಇನ್ನೂ ಹತ್ತಿರದವರು. ರೂಟರಿನ ಪಟ್ಟಿಯೂ ಹೀಗೆಯೇ ವಿಳಾಸದ ಮುಂಭಾಗಗಳ ಪಟ್ಟಿ. ಒಂದು ವ್ಯತ್ಯಾಸವುಂಟು: 1993ರಲ್ಲಿ ಬಂದ ಪದ್ಧತಿಯ ಪ್ರಕಾರ ಈ ಮುಂಭಾಗ ಎಷ್ಟು ಉದ್ದವಾದರೂ ಇರಬಹುದು, ಒಂದೇ ವಿಳಾಸ ಎರಡು ಮೂರು ಸಾಲುಗಳಿಗೆ ಹೊಂದಲೂಬಹುದು. ಆಗ ಹೆಚ್ಚು ಉದ್ದಕ್ಕೆ ಹೊಂದುವ ಸಾಲೇ ಗೆಲ್ಲುತ್ತದೆ. ಬೆಳಗಾವಿ ಜಿಲ್ಲೆ ಎಂಬ ಸಾಲೂ ತೆಲಸಂಗ ಎಂಬ ಸಾಲೂ ಇದ್ದರೆ ತೆಲಸಂಗದ ಕಾಗದ ಎರಡನೆಯದರ ಮಾತು ಕೇಳಬೇಕು ಎನ್ನುವಷ್ಟು ಸರಳ. ಯಾವುದಕ್ಕೂ ಹೊಂದದ ವಿಳಾಸಗಳಿಗೆಂದು ಕಟ್ಟಕಡೆಗೆ ಒಂದು ಸಾಲಿರುತ್ತದೆ; ಅದರ ಮುಂಭಾಗದ ಉದ್ದ ಸೊನ್ನೆ, ಹಾಗಾಗಿ ಅದು ಎಲ್ಲಕ್ಕೂ ಹೊಂದುತ್ತದೆ. ಇದನ್ನು ಡೀಫಾಲ್ಟ್ ರೂಟ್ ಎನ್ನುತ್ತಾರೆ. ನನಗೆ ತಿಳಿಯದು, ಮೇಲಿನವರನ್ನು ಕೇಳು ಎನ್ನುವ ಸಾಲು. ಮನೆಯ ಮೂಲೆಯಲ್ಲಿ ಮಿಣಮಿಣ ಎನ್ನುವ ವೈಫೈ ಪೆಟ್ಟಿಗೆಗೆ ಹೊರಲೋಕದ ಬಗ್ಗೆ ಗೊತ್ತಿರುವುದು ಸಾಮಾನ್ಯವಾಗಿ ಇದೊಂದೇ.

ದೊಡ್ಡ ರೂಟರಿಗೆ ಇಷ್ಟು ಸಾಲದು. ಅದಕ್ಕೆ ದಾರಿಯ ಸುದ್ದಿ ನಾಲ್ಕಾರು ಕಡೆಯಿಂದ ಬರುತ್ತದೆ: ತನಗೇ ನೇರವಾಗಿ ತಾಗಿಕೊಂಡಿರುವ ತಂತಿಗಳು, ಎಂಜಿನಿಯರು ಕೈಯಾರೆ ಬರೆದಿಟ್ಟ ಸಾಲುಗಳು, ತನ್ನದೇ ಸಂಸ್ಥೆಯ ರೂಟರುಗಳು ಹೇಳುವ ಒಳಸುದ್ದಿ, ಬೇರೆ ಸಂಸ್ಥೆಗಳು ಗಡಿಯಲ್ಲಿ ನಿಂತು ಹೇಳುವ ಹೊರಸುದ್ದಿ. ಒಂದೇ ಮುಂಭಾಗಕ್ಕೆ ಎರಡು ಮೂಲಗಳು ಬೇರೆ ಬೇರೆ ದಾರಿ ಹೇಳಿದರೆ ಯಾರನ್ನು ನಂಬುವುದು? ಇದಕ್ಕೆಂದೇ ಒಂದೊಂದು ಮೂಲಕ್ಕೂ ಅಂಕಿಯೊಂದನ್ನು ಕೊಟ್ಟಿದ್ದಾರೆ. ಸಿಸ್ಕೋ ಕಂಪನಿಯ ಯಂತ್ರಗಳಲ್ಲಿ ನೇರ ತಂತಿಗೆ 0, ಕೈಬರಹಕ್ಕೆ 1, ಗಡಿಯಾಚೆಯಿಂದ ಬಿಜಿಪಿ ಎಂಬ ಪದ್ಧತಿ ತಂದ ಸುದ್ದಿಗೆ 20, ಒಳಸುದ್ದಿಯ ಪದ್ಧತಿಯಾದ ಓಎಸ್‌ಪಿಎಫ್‌ಗೆ 110, ಒಳಗಿನವರೇ ಬಾಯಿಂದ ಬಾಯಿಗೆ ದಾಟಿಸಿದ ಬಿಜಿಪಿಗೆ 200. ಅಂಕಿ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು. ಈ ಅಂಕಿಗೆ ಅವರು ಇಟ್ಟ ಹೆಸರನ್ನು ಕನ್ನಡಿಸಿದರೆ ‘ಆಡಳಿತದ ದೂರ’ ಎಂದಾಗುತ್ತದೆ. ತೆಲಸಂಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಟೆಗೆ, ದವಾಖಾನೆಗೆ ಅವರಿಗೆ ವಿಜಯಪುರವೇ ಹತ್ತಿರ. ಆದರೆ ಸರಕಾರದ ಕಾಗದಪತ್ರ ಅಥಣಿಗೆ ಹೋಗಿ, ಚಿಕ್ಕೋಡಿ ಉಪವಿಭಾಗ ದಾಟಿ, ಕೃಷ್ಣೆಯ ಆಚೆಯ ಬೆಳಗಾವಿಯನ್ನೇ ಸೇರಬೇಕು. ಮೈಲಿಯ ದೂರ ಒಂದು, ಆಡಳಿತದ ದೂರ ಇನ್ನೊಂದು. ಇಂಟರ್ನೆಟ್ಟಿನ ದೊಡ್ಡ ಜಾಲಗಳ ನಡುವಿನ ದಾರಿಯೂ ಹೀಗೆಯೇ. ಅಲ್ಲಿ ಯಾವುದು ಹತ್ತಿರ ಎನ್ನುವುದಕ್ಕಿಂತ ಯಾರೊಂದಿಗೆ ಕರಾರಿದೆ, ಯಾರ ದಾರಿ ಅಗ್ಗ ಎನ್ನುವುದೇ ಮುಂದು. ನಮ್ಮ ದೇಶದೊಳಗಿನ ಎರಡು ಕಂಪನಿಗಳ ಗಿರಾಕಿಗಳು ಪರಸ್ಪರ ಕಳಿಸಿದ ಪ್ಯಾಕೆಟ್‌ಗಳು ಹೊರದೇಶಕ್ಕೆ ಹೋಗಿ ತಿರುಗಿ ಬರುತ್ತಿದ್ದ ಕಾಲವೊಂದಿತ್ತು. ಅದನ್ನು ತಪ್ಪಿಸಿ ಕಂಪನಿಗಳು ಇಲ್ಲೇ ಕೈಕುಲುಕಲಿ ಎಂದೇ 2003ರಲ್ಲಿ ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ, ಹುಟ್ಟಿದ್ದು.

ಇನ್ನು ಎರಡನೆಯ ಪ್ರಶ್ನೆ. ಹೊರಸುದ್ದಿ ತರುವ ಬಿಜಿಪಿ 1989ರಲ್ಲಿ ಕರ್ಕ್ ಲೋಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ಎಂಜಿನಿಯರುಗಳು ರೂಪಿಸಿದ ಪದ್ಧತಿ. ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿದ್ದರಿಂದ ಇದಕ್ಕೆ ಕರವಸ್ತ್ರದ ಪದ್ಧತಿ ಎಂಬ ಅಡ್ಡಹೆಸರೂ ಅಂಟಿಕೊಂಡಿದೆ. ಇದರ ಒಂದು ಗುಣ ಗಮನಿಸಬೇಕಾದದ್ದು. ಗಡಿಯ ರೂಟರ್ ಹೊರಗಿನಿಂದ ಕೇಳಿದ ಸುದ್ದಿಯನ್ನು ತನ್ನ ಒಳಗಿನವರಿಗೆ ದಾಟಿಸುವಾಗ ಮುಂದಿನ ನೆಲೆಯ ಹೆಸರನ್ನು, ಬೇರೆ ಅಪ್ಪಣೆ ಇಲ್ಲದಿದ್ದರೆ, ಬದಲಿಸುವುದಿಲ್ಲ. ಮುಂಬೈಗೆ ದಾರಿ ಮಿರಜ್ ಎಂದು ಕೇಳಿದ ಗಡಿಯೂರು ಕಾಗವಾಡ, ಒಳನಾಡಿನ ತೆಲಸಂಗಕ್ಕೂ ಮಿರಜ್ ಎಂದೇ ಹೇಳಿಬಿಡುತ್ತದೆ. ಮಿರಜ್ ಇರುವುದು ಗಡಿಯಾಚೆ. ತೆಲಸಂಗದ ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಸುದ್ದಿ ಸಿಕ್ಕಂತೆಯೂ ಆಯಿತು, ಸಿಗದಂತೆಯೂ ಆಯಿತು. ಆಗ ರೂಟರ್ ಏನು ಮಾಡಬೇಕು? ಅದು ಮಾಡುವುದು ಇಷ್ಟೇ: ಆ ಸಾಲನ್ನು ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಬಳಕೆಗೆ ಮಾತ್ರ ತರುವುದಿಲ್ಲ. ದಾರಿ ಎಷ್ಟೇ ಒಳ್ಳೆಯದಿರಲಿ, ಎಷ್ಟೇ ಹತ್ತಿರದ್ದಿರಲಿ, ಮುಂದಿನ ನೆಲೆ ಮುಟ್ಟುವಂತಿಲ್ಲದಿದ್ದರೆ ಅದು ಆಯ್ಕೆಯ ಸಾಲಿನಲ್ಲಿ ನಿಲ್ಲಲೂ ಅರ್ಹವಲ್ಲ. ಹೊಸಬ ಎಂಜಿನಿಯರುಗಳು ತಲೆ ಕೆರೆದುಕೊಳ್ಳುವ ಜಾಗ ಇದು. ದಫ್ತರ ತೆರೆದರೆ ಸಾಲು ಕಾಣುತ್ತದೆ, ಪ್ಯಾಕೆಟ್ ಮಾತ್ರ ಹೊರಡುವುದಿಲ್ಲ. ಪರಿಹಾರ ಎರಡುಂಟು. ಗಡಿಯಾಚೆಯ ನೆಲೆಗೆ ಹೋಗುವ ದಾರಿಯನ್ನೂ ಒಳಸುದ್ದಿಯಲ್ಲಿ ಸೇರಿಸಬೇಕು, ಇಲ್ಲವೇ ಕಾಗವಾಡವೇ ‘ಮಿರಜಿನ ಚಿಂತೆ ನಿಮಗೆ ಬೇಡ, ನನ್ನ ತನಕ ಬನ್ನಿರಿ’ ಎಂದು ತನ್ನ ಹೆಸರನ್ನು ಮುಂದೊಡ್ಡಬೇಕು.

ಇದು ಯಂತ್ರದ ಅತಿ ಸಂಶಯ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಮಳೆಗಾಲದಲ್ಲಿ ಚಿಕ್ಕೋಡಿ, ನಿಪ್ಪಾಣಿ ಸೀಮೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಇಲ್ಲಿ ಹನಿ ಬೀಳದಿದ್ದರೂ ಹೊಳೆ ಬರುತ್ತದೆ. ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ, ದೂಧಗಂಗೆಯ ಮೇಲಿನ ಮಲಿಕವಾಡ–ದತ್ತವಾಡ, ವೇದಗಂಗೆಯ ಮೇಲಿನ ಭೋಜವಾಡಿ–ಕುನ್ನೂರ, ಹೀಗೆ ಕೆಳಮಟ್ಟದ ಸೇತುವೆಗಳು ಒಂದರ ಹಿಂದೊಂದು ನೀರಿನಡಿ ಹೋಗುತ್ತವೆ. 2019ರ ಆಗಸ್ಟಿನಲ್ಲಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳು ಇದರ ಅತಿರೇಕವನ್ನೇ ಕಂಡವು. ಅಂಥ ದಿನವೂ ನಕ್ಷೆಯ ಮೇಲೆ ರಸ್ತೆ ಇದ್ದೇ ಇರುತ್ತದೆ. ಕೈಕಂಬ ಅತ್ತಲೇ ಬೆರಳು ತೋರುತ್ತಿರುತ್ತದೆ. ನಕ್ಷೆಯನ್ನು ನಂಬಿ ಗಾಡಿ ಬಿಟ್ಟವನು ನೀರಿಗೆ ಬೀಳುತ್ತಾನೆ. ಸೇತುವೆ ಮುಳುಗಿದೆ ಎಂದು ಕೇಳಿ ಸುತ್ತು ದಾರಿ ಹಿಡಿದವನು ತಡವಾಗಿಯಾದರೂ ಊರು ಸೇರುತ್ತಾನೆ. ರೂಟರ್ ತನ್ನ ಪಟ್ಟಿಯ ಪ್ರತಿಯೊಂದು ಮುಂದಿನ ನೆಲೆಯನ್ನೂ ಹೀಗೆ ಕಾಯುತ್ತಿರುತ್ತದೆ. ಅದರ ದಾರಿ ಮುಳುಗಿದ ಸುದ್ದಿ ಬಂದ ತಕ್ಷಣ ಅದನ್ನು ನೆಚ್ಚಿದ ಎಲ್ಲ ಸಾಲುಗಳನ್ನೂ ಹಿಂದೆಗೆದು, ಎರಡನೆಯ ದರ್ಜೆಯದೆಂದು ಬದಿಗಿಟ್ಟಿದ್ದ ಸುತ್ತು ದಾರಿಯನ್ನು ಮುಂದೆ ತರುತ್ತದೆ.

ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ಈ ಪದ್ಧತಿಗೆ ತನ್ನದೇ ಅಪಾಯಗಳಿವೆ. ವಿಜಯಪುರಕ್ಕೆ ಹೋಗುವುದು ಹೇಗೆ ಎಂದರೆ ತಿಕೋಟಾಕ್ಕೆ ಹೋಗು, ತಿಕೋಟಾಕ್ಕೆ ಹೇಗೆ ಎಂದರೆ ವಿಜಯಪುರಕ್ಕೆ ಹೋಗು ಎಂಬ ಉತ್ತರ ಬಂದರೆ ಕೇಳಿದವನು ನಿಂತಲ್ಲೇ ಸುತ್ತುತ್ತಾನೆ. ಒಂದು ಜಾಲದೊಳಗೆ ಇನ್ನೊಂದು ಜಾಲದ ಸುರಂಗ ಹಾಸುವಾಗ ಇದು ನಿಜವಾಗಿಯೂ ಆಗುತ್ತದೆ: ಸುರಂಗದ ಆ ತುದಿಗೆ ಹೋಗುವ ದಾರಿಯನ್ನು ಸುರಂಗವೇ ಕಲಿಸಿಬಿಡುತ್ತದೆ. ಒಳ್ಳೆಯ ರೂಟರ್ ಇದನ್ನು ಗುರುತಿಸಿ ಸುರಂಗವನ್ನೇ ಕೆಲಹೊತ್ತು ಮುಚ್ಚುತ್ತದೆ. ಇದಕ್ಕಿಂತ ನಾಜೂಕಿನ ಪ್ರಶ್ನೆ ಡೀಫಾಲ್ಟ್ ರೂಟಿನದು. ಮುಂದಿನ ನೆಲೆಯ ಹೆಸರು ಪಟ್ಟಿಯಲ್ಲಿ ಬೇರೆಲ್ಲೂ ಸಿಗದೆ, ‘ಮೇಲಿನವರನ್ನು ಕೇಳು’ ಎಂಬ ಕೊನೆಯ ಸಾಲಿಗೆ ಮಾತ್ರ ಹೊಂದಿತು ಎನ್ನಿ. ಅದನ್ನು ಸಿಕ್ಕಿತು ಎಂದು ಲೆಕ್ಕ ಹಿಡಿಯಬೇಕೇ? ಇಲ್ಲಿ ತಜ್ಞರು ಒಮ್ಮತದಲ್ಲಿಲ್ಲ. ಜಪಾನಿನ ಕುನಿಹಿರೊ ಇಶಿಗುರೊ 1996ರಲ್ಲಿ ಕೈಹಚ್ಚಿದ ಜೀಬ್ರಾ ಎಂಬ ಮುಕ್ತ ರೂಟರ್ ತಂತ್ರಾಂಶ ಕ್ವಾಗಾ ಆಗಿ, 2017ರಲ್ಲಿ ಎಫ್‌ಆರ್‌ಆರ್ ಆಗಿ ಕವಲೊಡೆಯಿತು. ಕ್ವಾಗಾ ಅಂದರೆ ಭೂಮಿಯಿಂದ ಅಳಿದುಹೋದ ಜೀಬ್ರಾ ಉಪಜಾತಿ. ಆ ಹೆಸರು ಇಟ್ಟವರು ಸ್ವಲ್ಪ ಯೋಚಿಸಬೇಕಿತ್ತು. ಎಫ್‌ಆರ್‌ಆರ್‌ನಲ್ಲಿ ಮುಂದಿನ ನೆಲೆಯನ್ನು ಬಿಡಿಸುವ ಭಾಗಕ್ಕೆ ಇಂದಿಗೂ ಜೀಬ್ರಾ ಎಂದೇ ಹೆಸರು, ಮತ್ತು ಮೊದಮೊದಲು ಅದಕ್ಕೆ ಡೀಫಾಲ್ಟ್ ರೂಟಿನ ಮೂಲಕ ಸಿಕ್ಕ ಉತ್ತರ ಉತ್ತರವೇ ಆಗಿರಲಿಲ್ಲ. ಎಂಜಿನಿಯರು ಬೇಕೆಂದು ಬರೆದು ಹೇಳಿದರೆ ಮಾತ್ರ ಒಪ್ಪುತ್ತಿತ್ತು. ಇನ್ನು ಕೆಲವು ತಂತ್ರಾಂಶಗಳಲ್ಲಿ ಅಷ್ಟು ಬಿಗಿಯಿಲ್ಲ. ನನ್ನ ಒಲವು ಬಿಗಿಯಾದವರ ಕಡೆಗೆ. ಡೀಫಾಲ್ಟ್ ರೂಟ್ ಎಲ್ಲಕ್ಕೂ ಹೌದು ಎನ್ನುತ್ತದೆ. ಎಲ್ಲಕ್ಕೂ ಹೌದು ಎನ್ನುವವನ ಸಾಕ್ಷಿಯಿಂದ ಏನೂ ರುಜುವಾತಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ಒಂದು ಪ್ಯಾಕೆಟ್ಟಿಗೆ ಮೂರು ಪ್ರಶ್ನೆ ಕೇಳುತ್ತ ಕುಳಿತರೆ ಕೆಲಸ ಸಾಗುವುದು ಯಾವಾಗ? 100 ಗಿಗಾಬಿಟ್‌ನ ಒಂದು ಕಿಂಡಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳೇ ಸಾಲಾಗಿ ಬಂದರೆ ಸೆಕೆಂಡಿಗೆ ಸುಮಾರು 14.9 ಕೋಟಿ ಬರುತ್ತವೆ. ಉತ್ತರವೆಂದರೆ, ಪ್ರಶ್ನೆಗಳನ್ನು ಪ್ಯಾಕೆಟ್ ಬಂದಾಗ ಕೇಳುವುದಿಲ್ಲ; ಮೊದಲೇ ಕೇಳಿ ಮುಗಿಸಿರುತ್ತಾರೆ. ರೂಟರಿನೊಳಗೆ ಎರಡು ಪಟ್ಟಿಗಳಿವೆ. ಒಂದು ಎಲ್ಲ ಸುದ್ದಿಯನ್ನೂ ತುಂಬಿಕೊಂಡ ದಫ್ತರ. ಇನ್ನೊಂದು ಆ ದಫ್ತರದಿಂದ ಗೆದ್ದ ಸಾಲುಗಳನ್ನಷ್ಟೇ, ಬಾಗಿಲಿನ ಗುರುತಿನವರೆಗೂ ಬಿಡಿಸಿ, ವೇಗದ ಚಿಪ್ಪಿನಲ್ಲಿ ಇಳಿಸಿದ ಕೈಪಟ್ಟಿ. ಪ್ಯಾಕೆಟ್ ನೋಡುವುದು ಕೈಪಟ್ಟಿಯನ್ನು ಮಾತ್ರ. ಅಷ್ಟಾದರೂ ಆಕ್ಷೇಪ ಇನ್ನೊಂದು ರೂಪದಲ್ಲಿ ಮರಳುತ್ತದೆ: ಹಾಗಿದ್ದರೆ ಮೊದಲಿಂದಲೇ ಪ್ರತಿ ಗುರಿಯ ಎದುರು ಬಾಗಿಲಿನ ಹೆಸರನ್ನೇ ಬರೆದುಬಿಡಬಹುದಿತ್ತಲ್ಲ, ನಡುವೆ ಮುಂದಿನ ನೆಲೆ ಎಂಬ ಮಧ್ಯಸ್ಥ ಏಕೆ? ಇಡೀ ವ್ಯವಸ್ಥೆಯ ಜಾಣತನ ಈ ಮಧ್ಯಸ್ಥನಲ್ಲಿಯೇ ಇದೆ. ಜಗತ್ತಿನ ಪೂರ್ತಿ ಪಟ್ಟಿಯಲ್ಲಿ ಇವತ್ತು ಒಂಬತ್ತು ಲಕ್ಷಕ್ಕೂ ಮೀರಿದ ಸಾಲುಗಳಿವೆ. ಒಂದು ಸಾಧಾರಣ ರೂಟರಿಗೆ ಇವೆಲ್ಲ ಸೇರಿ ಎರಡೋ ಮೂರೋ ಮುಂದಿನ ನೆಲೆಗಳ ಮೂಲಕವೇ ಹೋಗುತ್ತವೆ. ಪ್ರತಿ ಸಾಲಿನ ಎದುರೂ ಬಾಗಿಲಿನ ಹೆಸರು ಬರೆದಿದ್ದರೆ ಒಂದು ತಂತಿ ತುಂಡಾದಾಗ ಲಕ್ಷಗಟ್ಟಲೆ ಸಾಲುಗಳನ್ನು ಒಂದೊಂದಾಗಿ ತಿದ್ದಬೇಕು. ತಿದ್ದಿ ಮುಗಿಯುವವರೆಗೆ ಉಳಿದವುಗಳ ಪ್ಯಾಕೆಟ್ ಮಣ್ಣುಪಾಲು. ಸಾಲುಗಳೆಲ್ಲ ‘ವಿಜಯಪುರ’ ಎಂಬ ಒಂದು ಚೀಟಿಯತ್ತ ಬೆರಳು ಮಾಡಿದ್ದು, ಬಾಗಿಲಿನ ಹೆಸರು ಆ ಚೀಟಿಯ ಮೇಲೆ ಮಾತ್ರ ಇದ್ದರೆ, ತಿದ್ದಬೇಕಾದದ್ದು ಚೀಟಿಯೊಂದನ್ನೇ. ಅಥಣಿಯಿಂದ ಬೇರ್ಪಟ್ಟು ಕಾಗವಾಡ ತಾಲೂಕಾದಾಗ ಆ ಭಾಗದ ಹಳ್ಳಿಗಳ ಮನೆಮನೆಯ ಕಾಗದವನ್ನೂ ಹೊಸದಾಗಿ ಬರೆಯಲಿಲ್ಲ. ತಹಶೀಲ್ದಾರ ಕಚೇರಿ ಎಲ್ಲಿ ಎಂಬ ಒಂದೇ ಮಾತು ಬದಲಾಯಿತು.

ಕೈಪಟ್ಟಿಯ ಚಿಪ್ಪಿಗೂ ಒಂದು ಮಿತಿಯಿದೆ ಎನ್ನುವುದು 2014ರ ಆಗಸ್ಟ್ 12ರಂದು ಎಲ್ಲರ ಅನುಭವಕ್ಕೆ ಬಂತು. ಅಂದು ದೊಡ್ಡ ಜಾಲವೊಂದರಿಂದ ಸಾವಿರಾರು ಹೆಚ್ಚುವರಿ ಸಾಲುಗಳು ಹೊರಬಿದ್ದು ಜಗತ್ತಿನ ಪಟ್ಟಿ 5,12,000ದ ಗಡಿ ದಾಟಿತು. ಅಷ್ಟಕ್ಕೇ ಜಾಗವಿಟ್ಟುಕೊಂಡಿದ್ದ ಹಳೆಯ ರೂಟರುಗಳು ಅಲ್ಲಲ್ಲಿ ತತ್ತರಿಸಿದವು. ದಫ್ತರದಲ್ಲಿ ದಾರಿ ಇತ್ತು, ಕೈಪಟ್ಟಿಯಲ್ಲಿ ಜಾಗ ಇರಲಿಲ್ಲ.

ಮೂರನೆಯ ಪ್ರಶ್ನೆಯ ಬಗ್ಗೆ ಎರಡೇ ಮಾತು. ಮುಂದಿನ ನೆಲೆ ತನ್ನದೇ ಓಣಿಯಲ್ಲಿ ಇದೆ ಎಂದು ತಿಳಿದ ಮೇಲೂ ಅದರ ಯಂತ್ರದ ಮೇಲೆ ಕೊರೆದ 48 ಬಿಟ್ಟಿನ ಗುರುತು ಗೊತ್ತಾಗಬೇಕು. ಅದಕ್ಕೆ ಡೇವಿಡ್ ಪ್ಲಮ್ಮರ್ 1982ರಲ್ಲಿ ಬರೆದ ಉಪಾಯ ತೀರ ಹಳ್ಳಿಗಾಡಿನದು: ರೂಟರ್ ಓಣಿಯಲ್ಲಿ ನಿಂತು ‘ಈ ವಿಳಾಸ ಯಾರದ್ದು?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಉಳಿದವರು ಸುಮ್ಮನಿರುತ್ತಾರೆ, ಅದು ಯಾರದ್ದೋ ಅವರು ಓಗೊಡುತ್ತಾರೆ. ಇಷ್ಟೆಲ್ಲ ಲೆಕ್ಕಾಚಾರದ ಯಂತ್ರ ಕೊನೆಯ ಗಳಿಗೆಯಲ್ಲಿ ಬಾನುಲಿಯ ಹಾಗೆಯೇ ಎಲ್ಲರನ್ನೂ ಉದ್ದೇಶಿಸಿ ಮಾತಾಡುತ್ತದೆ.

ನನ್ನ ವಾದಕ್ಕೆ ಗಟ್ಟಿಯಾದ ಎದುರುವಾದ 2008ರ ಫೆಬ್ರುವರಿ 24ರದು. ಯೂಟ್ಯೂಬಿಗೆ ಸೇರಿದ 1,024 ವಿಳಾಸಗಳ ಒಂದು ಗುಂಪು ಜಗತ್ತಿನ ಪಟ್ಟಿಯಲ್ಲಿ ಒಂದು ಸಾಲಾಗಿತ್ತು. ದೇಶದೊಳಗೆ ಯೂಟ್ಯೂಬ್ ತಡೆಯಹೊರಟ ಪಾಕಿಸ್ತಾನ ಟೆಲಿಕಾಂ ಆ ಗುಂಪಿನೊಳಗಿನ 256 ವಿಳಾಸಗಳಿಗೆ ತಾನೇ ದಾರಿ ಎಂದು ಸಾರಿತು. ಆ ಮಾತು ದೇಶದೊಳಗೇ ಉಳಿಯಬೇಕಿತ್ತು. ಮೇಲಿನ ಜಾಲ ಅದನ್ನು ತಡೆಯದೆ ಹೊರಕ್ಕೆ ದಾಟಿಸಿತು. ಉದ್ದಕ್ಕೆ ಹೊಂದುವ ಸಾಲೇ ಗೆಲ್ಲುವುದು ನಿಯಮವಾದ್ದರಿಂದ ಜಗತ್ತಿನ ಬಹುಭಾಗದ ಯೂಟ್ಯೂಬ್ ಪ್ಯಾಕೆಟ್‌ಗಳು ಸುಮಾರು ಎರಡು ಗಂಟೆ ಅತ್ತ ಹೊರಳಿ ಮಾಯವಾದವು. ಅಂದು ಎಲ್ಲ ರೂಟರುಗಳಲ್ಲೂ ಮುಂದಿನ ನೆಲೆ ಸರಿಯಾಗಿಯೇ ಸಿಕ್ಕಿತ್ತು. ಸೇತುವೆ ಮುಳುಗಿರಲಿಲ್ಲ, ಸೇತುವೆಯಾಚೆಯ ಊರೇ ಬೇರೆಯದಾಗಿತ್ತು. ಆದ್ದರಿಂದ ಒಪ್ಪಿಕೊಳ್ಳಬೇಕು: ಮುಂದಿನ ನೆಲೆ ಸಿಗುವುದು ಹೆಜ್ಜೆಗೆ ಸಾಕ್ಷಿ, ಗುರಿಗೆ ಸಾಕ್ಷಿಯಲ್ಲ. ಗುರಿಯ ಸಾಕ್ಷಿಗೆಂದು ಈಗ ಬೇರೊಂದು ಏರ್ಪಾಟು ಬಂದಿದೆ. ಈ ವಿಳಾಸಗಳನ್ನು ಸಾರುವ ಹಕ್ಕು ಯಾವ ಜಾಲದ್ದು ಎಂಬುದಕ್ಕೆ ವಿಳಾಸ ಹಂಚುವ ಸಂಸ್ಥೆಗಳು ಗಣಿತದ ಮೊಹರು ಒತ್ತಿದ ಪತ್ರ ಕೊಡುತ್ತವೆ, ರೂಟರುಗಳು ಸುದ್ದಿಯನ್ನು ಅದರೊಂದಿಗೆ ತಾಳೆ ನೋಡುತ್ತವೆ. ನೋಡುವವರು ಹೆಚ್ಚುತ್ತಿದ್ದಾರೆ, ಎಲ್ಲರೂ ನೋಡುತ್ತಿಲ್ಲ. ಈ ಗೋಜೇ ಬೇಡ, ಎಲ್ಲರ ನಕ್ಷೆಯನ್ನೂ ಒಂದೆಡೆ ಕೂಡಿಸಿ ಅಲ್ಲಿಂದಲೇ ಎಲ್ಲರಿಗೂ ದಾರಿ ಹೇಳಬಾರದೇಕೆ ಎನ್ನುವವರೂ ಇದ್ದಾರೆ. ಒಂದೇ ಸಂಸ್ಥೆಯೊಳಗೆ ಇದನ್ನು ಮಾಡಿಯೇ ಇದ್ದಾರೆ: ಓಎಸ್‌ಪಿಎಫ್‌ನಲ್ಲಿ ಒಂದು ವಲಯದ ರೂಟರುಗಳೆಲ್ಲ ಒಂದೇ ನಕ್ಷೆ ಇಟ್ಟುಕೊಂಡು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಹತ್ತಿರದ ದಾರಿ ಕಂಡುಕೊಳ್ಳುತ್ತವೆ. ಆದರೆ ಇಂಟರ್ನೆಟ್ ಎನ್ನುವುದು 70,000ಕ್ಕೂ ಹೆಚ್ಚು ಸ್ವತಂತ್ರ ಜಾಲಗಳ ಕೂಟ. ಯಾರೂ ತಮ್ಮ ಅಡುಗೆಮನೆಯ ನಕ್ಷೆಯನ್ನು ಎದುರಾಳಿಗೆ ತೋರಿಸುವುದಿಲ್ಲ. ತೋರಿಸಿದರೂ ಪ್ರತಿ ತಂತಿಯ ಏಳುಬೀಳಿಗೆ ಜಗತ್ತೆಲ್ಲ ಲೆಕ್ಕ ಹಾಕಬೇಕಾದೀತು. ಬಾಗಿಲಿನ ತನಕ ಬಾ, ಮುಂದಿನದು ನನಗೆ ಬಿಡು ಎನ್ನುವ ಪದ್ಧತಿ ದೋಷವಿದ್ದೂ ಉಳಿದಿರುವುದು ಇದಕ್ಕೇ.

ಈಗ ಊರಿನ ಮಾತಿಗೆ ಬರೋಣ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆ ಕಾಲದ ವಿನ್ಯಾಸ ಮುಖ್ಯವಾಗಿ ಮರದ ಕೊಂಬೆಯಂತೆ: ತಾಲೂಕು ಕೇಂದ್ರದಿಂದ ಹೊರಟ ಎಳೆ ಕವಲೊಡೆದು ಪಂಚಾಯಿತಿಯಲ್ಲಿ ಕೊನೆಗೊಳ್ಳುತ್ತಿತ್ತು. ತಂತಿ ಮುಟ್ಟಿದ ಪಂಚಾಯಿತಿಗಳನ್ನು ಎಣಿಸಿದವರಿಗೆ ಲೆಕ್ಕ ಬೆಳೆಯುತ್ತ ಹೋಯಿತು. ಆದರೆ ಕೊಂಬೆಯ ತುದಿಯ ಊರಿಗೆ ಮುಂದಿನ ನೆಲೆ ಒಂದೇ. ರಸ್ತೆ ಅಗಲ ಮಾಡುವ ಜೆಸಿಬಿಯ ಹಲ್ಲು ಆ ಎಳೆಗೆ ತಾಗಿತೆಂದರೆ ಮೇಲಿನ ರೂಟರಿನಲ್ಲಿ ಒಂಬತ್ತು ಲಕ್ಷ ದಾರಿಗಳಿದ್ದೂ ಊರಿಗೆ ಒಂದೂ ಇಲ್ಲ. 2023ರ ಆಗಸ್ಟಿನಲ್ಲಿ ಸಂಪುಟ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿದಾಗ ಅದರ ಮುಖ್ಯ ಬದಲಾವಣೆಯೇ ಕೊಂಬೆಯನ್ನು ಬಳೆಯಾಗಿಸುವುದು, ಅಂದರೆ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಿ ಪ್ರತಿಯೊಂದಕ್ಕೂ ಎರಡು ದಿಕ್ಕು ಕೊಡುವುದು, ಜೊತೆಗೆ ಆ ಎರಡರಲ್ಲಿ ಆರಿಸಬಲ್ಲ ರೂಟರುಗಳನ್ನು ಕೂರಿಸುವುದು. ಎರಡನೆಯ ಪ್ರಶ್ನೆಯನ್ನು ಕೇಳದೆ ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟಿದ್ದೆವು ಎಂಬ ಒಪ್ಪಿಗೆಯಾಗಿ ನಾನು ಇದನ್ನು ಓದುತ್ತೇನೆ. ಮೊಬೈಲ್ ಗೋಪುರಗಳಿರುವಾಗ ತಂತಿಯ ಉಂಗುರವೇಕೆ ಎನ್ನಬಹುದು. ಗೋಪುರದಿಂದ ಕೈಯಲ್ಲಿರುವ ಫೋನಿಗೆ ಮಾತ್ರ ಗಾಳಿಯ ದಾರಿ. ಗೋಪುರದಿಂದ ಆಚೆಗೆ ಅದಕ್ಕೂ ಫೈಬರೋ ಮೈಕ್ರೋವೇವ್ ಕೊಂಡಿಯೋ ಬೇಕು, ಅಲ್ಲಿಯೂ ಮುಂದಿನ ನೆಲೆ ಒಂದೇ ಇದ್ದರೆ ಫೋನಿನ ಮೇಲೆ ಐದೂ ಕಡ್ಡಿ ಎದ್ದು ನಿಂತಿದ್ದು ಒಂದು ಪುಟವೂ ತೆರೆಯುವುದಿಲ್ಲ.

ಉಂಗುರವೆಂಬ ಮಾತಿಗೂ ಮೋಸಹೋಗಬಾರದು. ತೆಲಸಂಗಕ್ಕೆ ಪಡುವಣದ ಅಥಣಿಯೂ ಮೂಡಣದ ವಿಜಯಪುರವೂ ಎರಡು ನಿಜವಾದ ದಿಕ್ಕುಗಳು; ಒಂದು ಕೆಟ್ಟರೆ ಇನ್ನೊಂದು ಕೆಡಬೇಕೆಂದಿಲ್ಲ. ಆದರೆ ಖರ್ಚು ಉಳಿಸಲೆಂದು ಎರಡೂ ಎಳೆಗಳನ್ನು ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಹೂತರೆ ರೂಟರಿನ ಪಟ್ಟಿಯಲ್ಲಿ ಎರಡು ನೆಲೆ ಕಾಣುತ್ತದೆ, ಜೆಸಿಬಿಗೆ ಒಂದೇ ಕಾಣುತ್ತದೆ. ಹೊಳೆ ಬಂದಾಗ ಒಂದೇ ಎತ್ತರದ ಸೇತುವೆಗಳು ಒಂದೇ ದಿನ ಮುಳುಗುತ್ತವೆ. ಸುತ್ತು ದಾರಿ ಎಂದು ನಂಬಿದ್ದೂ ಅದೇ ನೀರಿನಡಿ ಇರುತ್ತದೆ. ಎರಡನೆಯ ಗುಂಡಿಯ ಖರ್ಚು ದೊಡ್ಡದು ಎಂಬ ಮಾತು ಸುಳ್ಳಲ್ಲ. ಪಹಣಿಯಿಂದ ಪಡಿತರದ ಹೆಬ್ಬೆರಳಿನ ತನಕ ಎಲ್ಲವನ್ನೂ ಆ ಎಳೆಗೆ ಕಟ್ಟಿದ ಮೇಲೆ ಖರ್ಚಿನ ಮಾತನ್ನು ಎಳೆ ತುಂಡಾದ ದಿನದ ಖರ್ಚಿನೊಂದಿಗೆ ಇಟ್ಟು ತೂಗಬೇಕು, ಅಷ್ಟೇ.

ನೀರು ಇಳಿದ ಮೇಲಿನ ಸಂಗತಿ ಒಂದು ಉಳಿದಿದೆ. ಸೇತುವೆ ತಲೆಯೆತ್ತಿದ ಕೂಡಲೇ ಬಸ್ಸು ಬಿಡುವುದು ಜಾಣತನವಲ್ಲ. ರಾಡಿ ಬಳಿದು, ಕಂಬ, ಕಟಾಂಜನ ಸರಿಯಿವೆಯೇ ಎಂದು ನೋಡಬೇಕು. ಮೇಲೆ ಮತ್ತೆ ಮಳೆಯಾದರೆ ಸಂಜೆಗೆ ತಿರುಗಿ ಮುಳುಗಲೂಬಹುದು. ಗಳಿಗೆಗೊಮ್ಮೆ ಬಂದು ಹೋಗುವ ದಾರಿಗಳಿಂದ ರೂಟರುಗಳಿಗೂ ಇದೇ ತಲೆನೋವು, ಏಕೆಂದರೆ ಒಂದರ ಏಳುಬೀಳು ಜಗತ್ತಿನ ಪಟ್ಟಿಯನ್ನೆಲ್ಲ ಅಲುಗಿಸುತ್ತದೆ. 1998ರಲ್ಲಿ ಇದಕ್ಕೊಂದು ಶಿಕ್ಷೆಯ ಪದ್ಧತಿ ಬಂತು: ಪದೇ ಪದೇ ಬಿದ್ದೇಳುವ ದಾರಿಗೆ ದಂಡದ ಅಂಕ ಹಾಕಿ, ಅದು ಕರಗುವವರೆಗೆ ಬಳಸದೆ ದೂರ ಇಡುವುದು. ಹಾಗೆ ಮಾಡಿದರೆ ಸರಿಯಾಗಿ ಎದ್ದ ದಾರಿಗಳೂ ಅನ್ಯಾಯವಾಗಿ ದೂರ ಉಳಿಯುತ್ತವೆ ಎಂದು ಯುರೋಪಿನ ಜಾಲಿಗರ ಕೂಟವಾದ ರೈಪ್ 2006ರಲ್ಲಿ ಆ ಪದ್ಧತಿಯನ್ನು ಬಿಡಿ ಎಂದಿತು. 2013ರಲ್ಲಿ ಅದೇ ಕೂಟ ದಂಡದ ಅಳತೆಯನ್ನು ಸಡಿಲಿಸಿ, ಮತ್ತೆ ಬಳಸಬಹುದು ಎಂದಿತು. ಮುಳುಗಿ ಎದ್ದ ಸೇತುವೆಯನ್ನು ಎಷ್ಟು ಹೊತ್ತು ಕಾಯ್ದು ನಂಬಬೇಕು ಎಂಬ ಲೆಕ್ಕ ಯಡೂರಿನ ದಂಡೆಯ ಮೇಲೆ ಮಳೆಗಾಲ ಮಳೆಗಾಲಕ್ಕೂ ಹೊಸದಾಗಿ ನಡೆಯುತ್ತದೆ. ರೂಟರುಗಳ ಲೋಕದಲ್ಲಿಯೂ ಅದು ಇನ್ನೂ ನಡೆದೇ ಇದೆ.